ಕಾಲು ನೋಡುವ ಕೆಲಸ

ಕಾರ್-ಅದಾದ್ ಪಟ್ಟಣದ ಹೊಳೆಬಾಗಿಲು ಬಿದ್ದ ಮೂರನೆಯ ದಿನ ಬೆಳಿಗ್ಗೆ ಇಬ್ಬರು ಸೈನಿಕರು ಬನೀತುವಿನ ಮನೆ ಹುಡುಕಿಕೊಂಡು ಬಂದರು. ಅವಳು ಒಲೆಯ ಮುಂದೆ ಕೂತು ಬೂದಿ ತೆಗೆಯುತ್ತಿದ್ದಳು. ಒಲೆ ಹೊತ್ತಿ ಇಪ್ಪತ್ತು ದಿನವಾಗಿತ್ತು. ಬೇಯಿಸುವುದಕ್ಕೆ ಮನೆಯಲ್ಲಿ ಒಂದು ಹಿಡಿ ಜವೆಗೋಧಿಯೂ ಇರಲಿಲ್ಲ. ಆದರೂ ಬೆಳಗಾದರೆ ಕೈ ಅದರ ಪಾಡಿಗೆ ಬೂದಿಗೆ ಹೋಗುತ್ತಿತ್ತು.

"ದೊಡ್ಡ ರಾಜಕುಮಾರನಿಗೆ ಹಾಲು ಕೊಟ್ಟೋಳು ನೀನೇನಾ?" ಎಂದ ಒಬ್ಬ.

"ಹೂಂ ಕಣಪ್ಪ, ನಾನೇ."

"ಎದ್ದೇಳು. ಸಾಹೇಬರು ಕರೀತವ್ರೆ."

ಕೊಲ್ಲುವುದಕ್ಕೇ ಕರೆಯುತ್ತಿದ್ದಾರೆ ಎಂದು ಬನೀತುವಿಗೆ ಅನ್ನಿಸಿತು. ಅನ್ನಿಸಿದರೂ ಎದೆ ಹೊಡೆದುಕೊಳ್ಳಲಿಲ್ಲ. ಎದ್ದು ಉಣ್ಣೆಯ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. "ಬಾಗಿಲು ಹಾಕ್ಕೊಂಡು ಬರ್ಲಾ?" ಎಂದು ಕೇಳಿದಳು.

"ಹಾಕ್ಕೋ. ಸಂಜೆಗೆ ತಿರುಗಿ ಬರ್ತೀಯ," ಎಂದ ಅವನು.

ಆರು ವರ್ಷದ ಹಿಂದೆ ಮುದಿ ರಾಜ ಹಾಸಿಗೆ ಹಿಡಿದು, ಹಿರಿಯ ಮಗನನ್ನು ಬಿಟ್ಟು ಕಿರಿಯವನಿಗೆ ಪಟ್ಟ ಎಂದು ಸಾರಿಸಿದ್ದ. ಹಿರಿಯವನು ಸುಮ್ಮನಿರಲಿಲ್ಲ. ಅವನ ಹಿಂದೆ ಒಂದೊಂದಾಗಿ ಪಟ್ಟಣಗಳು ಎದ್ದವು. ಅಸ್ಸೀರಿಯಾದ ಅರ್ಧ ಭಾಗ ಅವನಿಗೆ ಕೈ ಎತ್ತಿ ಆಣೆ ಮಾಡಿತು, ಇನ್ನರ್ಧ ಅವನ ತಮ್ಮನಿಗೆ ಮಾಡಿತು. ಮುದಿ ರಾಜ ಇದರ ನಡುವೆಯೇ ಸತ್ತ. ಕಿರಿಯವನು ಸಿಂಹಾಸನ ಏರಿ, ಎದ್ದ ಪಟ್ಟಣಗಳನ್ನು ಒಂದೊಂದಾಗಿ ಕೂರಿಸುತ್ತ ಬಂದ. ಟೈಗ್ರಿಸ್ ದಂಡೆಯ ಕಾರ್-ಅದಾದ್ ಕೊನೆಯದು. ಹಿರಿಯವನು ಕೊನೆಗೆ ಇದ್ದದ್ದೂ ಇಲ್ಲೇ. ಅವನು ಹೊರಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ, ಸತ್ತದ್ದನ್ನೂ ಯಾರೂ ಕಂಡಿರಲಿಲ್ಲ.

ಹೊಸ ರಾಜನ ಕಡೆಯ ಅಧಿಕಾರಿಯ ಹೆಸರು ದನ್ನಾಯ. ಅರಮನೆಯ ಅಂತಃಪುರದಲ್ಲಿ ಬೆಳೆದ, ಗಡ್ಡವಿಲ್ಲದ ಮನುಷ್ಯ. ಹೊಳೆಬಾಗಿಲ ಹೊರಗಿನ ಕಣದ ಅಂಚಿಗೆ ಬಟ್ಟೆಯ ಚಪ್ಪರ ಹಾಕಿಸಿಕೊಂಡು, ಜೀರಿಗೆ ಜಗಿಯುತ್ತ ಕೂತಿದ್ದ. ಸುಗ್ಗಿಯಲ್ಲಿ ಜವೆ ತುಳಿಸುವ ಆ ಕಣದ ತುಂಬ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು.

"ಕೂತ್ಕೊಳ್ಳಮ್ಮ," ಎಂದ ದನ್ನಾಯ. ಅವನ ಮಾತು ಮೆತ್ತಗಿತ್ತು. "ನಿನಗೆ ನಾವೇನೂ ಮಾಡೋದಿಲ್ಲ. ಒಂದು ಕೆಲಸ ಇದೆ. ದೊಡ್ಡ ರಾಜಕುಮಾರನನ್ನ ಹತ್ತಿರದಿಂದ ಬಲ್ಲೋರು ಒಬ್ಬರೂ ಉಳಿದಿಲ್ಲ. ಊರೋರು ಸುಳ್ಳು ಹೇಳ್ತಾರೆ. ನೀನು ಮೂರು ವರ್ಷ ಎದೆಹಾಲು ಕೊಟ್ಟೋಳು. ನೋಡಿ ಹೇಳು."

"ಯಾರನ್ನ ನೋಡ್ಲಿ ಸ್ವಾಮಿ?"

"ಎಲ್ಲಾರನ್ನೂ."

ಅವಳ ಜೊತೆಗೆ ಸಾಸಿ ಎಂಬ ಸೈನಿಕನನ್ನು ಕೊಟ್ಟರು. ಹೆಣ ಮಗುಚುವುದು ಅವನ ಕೆಲಸ. ಮಾತು ಅವನ ಬಾಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ಅದ್ದಿ ಅವಳತ್ತ ಚಾಚಿ, "ಅಜ್ಜಿ, ಮೂಗಿಗೆ ಕಟ್ಕೋ. ಇಲ್ದಿದ್ರೆ ಎರಡನೇ ಸಾಲಿಗೇ ಬಿದ್ದೋಗ್ತೀಯ, ಆಮೇಲೆ ನಿನ್ನನ್ನೂ ನಾನೇ ಎಳೀಬೇಕು," ಎಂದ.

"ನನ್ನ ಮೂಗು ಸತ್ತು ಎಷ್ಟೋ ದಿನ ಆಯ್ತು. ನೀನೇ ಕಟ್ಕೋ," ಎಂದಳು ಬನೀತು.

ಬಿಸಿಲು ಏರಿತ್ತು. ಬಾಣ ತಿಂದವರು, ಗೋಡೆಯ ಕೆಳಗೆ ಸಿಕ್ಕವರು, ಸುಟ್ಟವರು, ನೀರಲ್ಲಿ ಊದಿದವರು ಎಲ್ಲರೂ ಅಲ್ಲಿದ್ದರು. ಮುಖಗಳಲ್ಲಿ ಮುಖ ಉಳಿದಿರಲಿಲ್ಲ. ಬನೀತು ಮೊದಲ ಹೆಣದ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತು ಪಾದ ನೋಡಿದಳು. "ಅಲ್ಲ," ಎಂದಳು. ಎರಡನೆಯದರ ಪಾದ ನೋಡಿದಳು. "ಅಲ್ಲ."

"ಎಲ್ಲಾರೂ ಮುಖ ನೋಡಿದ್ರೆ ಈ ಅಜ್ಜಿ ಕಾಲು ನೋಡ್ತಾಳಲ್ಲಪ್ಪ," ಎಂದು ಸಾಸಿ ನಕ್ಕ. ದನ್ನಾಯ ಚಪ್ಪರದಿಂದಲೇ ಕೇಳಿದ: "ಕಾಲಲ್ಲಿ ಏನಿದೆಯಮ್ಮ?"

"ಏನೂ ಇಲ್ಲ ಸ್ವಾಮಿ. ಮುಖ ಬೇಗ ಕೆಟ್ಟೋಗ್ತದೆ, ಕಾಲು ತಡೀತದೆ. ಮೂರು ವರ್ಷ ಕಾಲು ತೊಳೆದೋಳಿಗೆ ಕಾಲು ಗೊತ್ತಾಗ್ತದೆ."

ದನ್ನಾಯ ತಲೆಯಾಡಿಸಿದ.

ಕಾಲಲ್ಲಿ ಇತ್ತು. ಹಿರಿಯ ರಾಜಕುಮಾರ ಹುಟ್ಟಿದಾಗ ಅವನ ಎಡಗಾಲಿನ ಎರಡನೆಯ ಬೆರಳೂ ಮೂರನೆಯ ಬೆರಳೂ ಉಗುರಿನವರೆಗೆ ಅಂಟಿಕೊಂಡಿದ್ದವು. ಹುಟ್ಟಿದ ಮಗುವಿನ ಮೈಯಲ್ಲಿ ಇಂಥದ್ದು ಕಂಡರೆ ಶಕುನದ ಪಂಡಿತರು ಮಣ್ಣಿನ ಹಲಗೆ ತೆಗೆದು ಅದರ ಕೇಡು ಓದುತ್ತಾರೆ, ಓದಿದ್ದನ್ನು ರಾಜನಿಗೆ ಹೇಳುತ್ತಾರೆ. ಬಾಣಂತಿ ರಾಣಿ ಸೂಲಗಿತ್ತಿಯ ಕೈಯನ್ನೂ ಬನೀತುವಿನ ಕೈಯನ್ನೂ ಹಿಡಿದು, ಇದು ಮೂವರಲ್ಲೇ ಇರಲಿ ಎಂದಿದ್ದಳು. ರಾಣಿ ಹೋದಳು, ಸೂಲಗಿತ್ತಿ ಹೋದಳು. ಮಗುವಿಗೆ ಸದಾ ಬಟ್ಟೆಯ ಕಾಲುಚೀಲ, ದೊಡ್ಡವನಾದ ಮೇಲೆ ಮುಚ್ಚಿದ ಚರ್ಮದ ಮೆಟ್ಟು. ಬನೀತುವಿನ ಸ್ವಂತ ಕೂಸು ಹದಿನೇಳನೆಯ ದಿನಕ್ಕೆ ಸತ್ತಿತ್ತು. ಎದೆಯ ಹಾಲು ಬತ್ತಿರಲಿಲ್ಲವೆಂದೇ ಅವಳನ್ನು ಅರಮನೆಗೆ ಕರೆಸಿಕೊಂಡಿದ್ದರು. ಅವಳು ರಾಜಕುಮಾರನನ್ನು ಲಕೂ ಎಂದು ಕರೆಯುತ್ತಿದ್ದಳು. ಅವರ ಮಾತಿನಲ್ಲಿ ಲಕೂ ಎಂದರೆ ಹಾಲುಗೂಸು.

ದಂಗೆಯ ನಾಲ್ಕನೆಯ ವರ್ಷ ಅವನು ಒಂದು ಮಧ್ಯಾಹ್ನ ಅವಳ ಮನೆಗೆ ಬಂದಿದ್ದ. ಗಡ್ಡದಲ್ಲಿ ಬಿಳಿ ಬಂದಿತ್ತು. ಗೋಡೆಗೆ ಒರಗಿ ಕೂತು, ರೊಟ್ಟಿಯನ್ನು ಜವೆಯ ಹೆಂಡದಲ್ಲಿ ಅದ್ದಿ ತಿಂದ. "ಅವ್ವಾ, ನಾನು ಮಾಡ್ತಿರೋದು ಸರೀನಾ?" ಎಂದು ಕೇಳಿದ. ಅವಳು "ಉಣ್ಣು" ಎಂದಳು. ಇನ್ನೊಂದು ರೊಟ್ಟಿ ಹಾಕಿದಳು. ಅವನು ಉಂಡು ಎದ್ದು ಹೋದ. ಅದೇ ಕೊನೆ.

ಮೊದಲ ದಿನ ನಲವತ್ತು ಹೆಣ ನೋಡಿದಳು. ಸಂಜೆ ಅವಳಿಗೆ ಎರಡು ರೊಟ್ಟಿ, ಒಂದು ಈರುಳ್ಳಿ, ಒಂದು ಗಡಿಗೆ ಹೆಂಡ ಕೊಟ್ಟರು. ಕಣದ ಅಂಚಿನಲ್ಲೇ ಕೂತು ಅಷ್ಟನ್ನೂ ತಿಂದಳು. ತಿನ್ನುವಾಗ ನಾಚಿಕೆಯಾಗಬೇಕಿತ್ತು ಎಂದುಕೊಂಡಳು, ಆಗಲಿಲ್ಲ. ಮರುದಿನ ಕರೆಯಲು ಯಾರೂ ಬರಬೇಕಾಗಲಿಲ್ಲ. ಹೊತ್ತು ಹುಟ್ಟಿದ ಕೂಡಲೇ ತಾನೇ ಹೋಗಿ ಮೊದಲ ಸಾಲಿನ ತುದಿಯಲ್ಲಿ ನಿಂತಳು.

ಬಾಗಿಲಿಗೂ ಕಣಕ್ಕೂ ನಡುವೆ ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಊರ ಹೆಂಗಸರು ನಿಲ್ಲಲು ಶುರುಮಾಡಿದರು. ಹತ್ತಿರ ಬಂದರೆ ಸೈನಿಕರು ಈಟಿಯ ಹಿಡಿಯಿಂದ ತಳ್ಳುತ್ತಿದ್ದರು. ಎರಡನೆಯ ದಿನ ಸಂಜೆ ಬನೀತು ಹೊರಟಾಗ ಒಬ್ಬಳು ಅವಳ ಹೊದಿಕೆಯ ಚುಂಗು ಹಿಡಿದಳು.

"ಬನೀತಕ್ಕಾ, ನಮ್ಮೋರು... ಎಡಗೈಲಿ ಕಿರುಬೆರಳಿಲ್ಲ. ನೋಡಿದ್ಯಾ?"

ಬನೀತು ಯೋಚಿಸಿದಳು. "ಇದ್ದ. ಮೂರನೇ ಸಾಲು. ಇವತ್ತು ಕಣದ ಪಕ್ಕದ ಗುಂಡಿಗೆ ಹಾಕಿದ್ರು."

ಆ ಹೆಂಗಸು ಚುಂಗು ಬಿಡಲಿಲ್ಲ. "ಮಣ್ಣು ಹಾಕಿದ್ರಾ?"

"ಹಾಕಿದ್ರು. ನಾನೇ ಕಂಡೆ."

"ಹಂಗಾದ್ರೆ ಸೈ," ಎಂದಳು ಅವಳು. ಮಣ್ಣು ಬೀಳದ ಸತ್ತವನು ಊರಲ್ಲಿ ಅಲೆಯುತ್ತಾನೆ, ಅವನಿಗೆ ಯಾರೂ ನೀರು ಹಾಕಲಾರರು. ಮಣ್ಣು ಬಿದ್ದಿತೆಂದರೆ ಅಷ್ಟು ನೆಮ್ಮದಿ.

ಆಮೇಲೆ ಪ್ರತಿ ಸಂಜೆಯೂ ಅದೇ ಆಯಿತು. ಕಿವಿಯಲ್ಲಿ ತೂತಿರುವವನು, ಮೊಣಕಾಲಲ್ಲಿ ನಾಯಿ ಕಚ್ಚಿದ ಗುರುತಿನವನು, ಮುಂದಿನ ಹಲ್ಲು ಮುರಿದವನು. ಬನೀತು ಎಲ್ಲರ ಗುರುತನ್ನೂ ನೆನಪಿಟ್ಟುಕೊಂಡಳು. ನೆನಪಿಟ್ಟುಕೊಳ್ಳಬೇಕು ಎಂದೇನೂ ಅಲ್ಲ, ತಲೆಯಲ್ಲಿ ಬೇರೇನೂ ಇರಲಿಲ್ಲವಾಗಿ ಅದು ತಾನಾಗಿ ಉಳಿಯುತ್ತಿತ್ತು. "ಇದ್ದ," ಎನ್ನುತ್ತಿದ್ದಳು. ಇಲ್ಲವೇ "ಕಾಣ್ಲಿಲ್ಲ," ಎನ್ನುತ್ತಿದ್ದಳು. ಕೆಲವರು ಬಾಯಿಬಡಿದುಕೊಂಡು ಅತ್ತರು. ಅವರು ಅಳುವಾಗ ಅವಳು ಪಕ್ಕಕ್ಕೆ ಸರಿದು, ಅವರು ಮುಗಿಸುವವರೆಗೆ ನಿಂತು, ಮುಂದಿನವಳ ಕಡೆ ತಿರುಗುತ್ತಿದ್ದಳು.

ಐದನೆಯ ದಿನ, ಬಿಸಿಲು ನೆತ್ತಿಗೆ ಬಂದ ಹೊತ್ತು, ಕೋಟೆಗೋಡೆಯ ಬುಡ ಅಗೆದಾಗ ಸಿಕ್ಕ ಹನ್ನೊಂದು ಹೆಣಗಳನ್ನು ತಂದು ಹಾಕಿದರು. ಎಲ್ಲರೂ ಸಾಮಾನ್ಯ ಈಟಿಗಾರರ ಒರಟು ಬಟ್ಟೆಯಲ್ಲಿದ್ದರು. ಇಟ್ಟಿಗೆ ಬಿದ್ದು ತಲೆಗಳು ಚಪ್ಪಟೆಯಾಗಿದ್ದವು. ನಾಲ್ಕನೆಯವನ ಕಾಲಲ್ಲಿ ಮೆಟ್ಟಿರಲಿಲ್ಲ. ಎಡಪಾದದ ಎರಡು ಬೆರಳು ಒಂದಾಗಿದ್ದವು.

"ಅಲ್ಲ," ಎಂದಳು ಬನೀತು.

ಅಂದದ್ದು ಅವಳ ಬಾಯಿ. ಐದು ದಿನದಿಂದ ಅದು ಅದೇ ಮಾತು ಆಡುತ್ತಿತ್ತು, ಈಗಲೂ ಆಡಿತು. ಕಣ್ಣು ಕಂಡದ್ದು ತಲೆಗೆ ತಲಪುವ ಹೊತ್ತಿಗೆ ಸಾಸಿ ಐದನೆಯ ಹೆಣವನ್ನು ಮಗುಚಿದ್ದ. ಅವಳು ಐದನೆಯದರ ಕಾಲು ನೋಡಿದಳು. "ಅಲ್ಲ." ಆರನೆಯದು. "ಅಲ್ಲ." ಹನ್ನೊಂದೂ ಮುಗಿದವು.

"ನೀರು ಬೇಕಾ ಅಜ್ಜಿ? ಬಿಸಿಲು ಜಾಸ್ತಿ ಆಯ್ತು," ಎಂದ ಸಾಸಿ.

"ಕೊಡು."

ಹೌದು ಎಂದಿದ್ದರೆ ಅವನ ಚರ್ಮ ಸುಲಿದು ಗೋಡೆಗೆ ಹರಡುತ್ತಿದ್ದರು. ಬೇರೆ ಪಟ್ಟಣಗಳಲ್ಲಿ ಮಾಡಿದ್ದನ್ನು ಎಲ್ಲರೂ ಕೇಳಿದ್ದರು. ಅಲ್ಲ ಎಂದದ್ದರಿಂದ ಅವನಿಗೆ ಗುಂಡಿ ಸಿಕ್ಕಿತು. ಸಂಜೆ ಸೈನಿಕರು ಹನ್ನೊಂದು ಜನರನ್ನೂ ಕಾಲು ಹಿಡಿದು ಎಳೆದುಕೊಂಡು ಹೋಗಿ ಹಾಕಿದರು. ಬನೀತು ನಿಂತು ನೋಡಿದಳು. ನಾಲ್ಕನೆಯವನು ಎಡಮಗ್ಗುಲಾಗಿ ಬಿದ್ದ. ಮೇಲೆ ಮತ್ತೊಬ್ಬ ಬಿದ್ದ. ಮಣ್ಣು ಎಳೆದರು. ಅವಳಿಗೆ ದುಃಖವಾಗಲಿಲ್ಲ, ಗೆದ್ದೆ ಎಂದೂ ಅನ್ನಿಸಲಿಲ್ಲ. ಕಾಲು ನೋಯುತ್ತಿತ್ತು. ಮನೆಗೆ ಹೋಗಿ ಮಲಗಿದಳು.

ಆದರೆ ರಾಜಕುಮಾರ ಸಿಗಲಿಲ್ಲವಲ್ಲ. ಮರುದಿನ ದನ್ನಾಯ ಜೀರಿಗೆ ಉಗುಳಿ, "ಹಾಗಾದರೆ ಜೀವಂತ ಇದ್ದಾನೆ. ಊರೋರು ಬಚ್ಚಿಟ್ಟಿದ್ದಾರೆ," ಎಂದ. ಸೆರೆ ಸಿಕ್ಕ ಊರ ಗಂಡಸರನ್ನು ಇಟ್ಟಿಗೆ ಅಂಗಳದಲ್ಲಿ ಕೂಡಿಹಾಕಿದ್ದರು. ಅಂದಿನಿಂದ ದಿನಕ್ಕೆ ಮೂವರನ್ನು ಹೊರಗೆ ಕರೆದು, ಎಲ್ಲಿಟ್ಟಿದ್ದೀರಿ ಎಂದು ಕೇಳತೊಡಗಿದರು. ಅವರಿಗೆ ಗೊತ್ತಿದ್ದರೆ ತಾನೇ ಹೇಳಲು.

ಇದನ್ನು ಬನೀತುವಿಗೆ ಯಾರೂ ಹೇಳಲಿಲ್ಲ. ಎಂಟನೆಯ ದಿನ ಸಾಲಿನ ತುದಿಯಲ್ಲಿ ಮೂರು ಹೊಸ ಹೆಣಗಳಿದ್ದವು. ಅವು ಕೆಟ್ಟಿರಲಿಲ್ಲ. ಕುತ್ತಿಗೆಯಲ್ಲಿ ಹಗ್ಗದ ಗುರುತು ಬಿಟ್ಟರೆ ಮೈಯಲ್ಲಿ ಗಾಯವಿರಲಿಲ್ಲ. ಮೊದಲನೆಯವನ ಮುಖ ಮುಖವಾಗಿಯೇ ಇತ್ತು. ಅವಳ ಪಕ್ಕದ ಮನೆಯ, ಹೆಂಡ ಮಾರುವ ಹಂಬೂಸುವಿನ ಮಗ ತಬ್ನಿ. ಮಡಕೆ ಮಾಡುತ್ತಿದ್ದ. ಉಗುರಿನ ಸಂದಿಯಲ್ಲಿ ಇನ್ನೂ ಜೇಡಿಮಣ್ಣಿತ್ತು.

"ಇವ್ನು ಯುದ್ಧದಲ್ಲಿ ಸತ್ತೋನಲ್ಲ," ಎಂದಳು ಬನೀತು.

"ಅಲ್ಲ. ಇವೆಲ್ಲ ಅಂಗಳದವು," ಎಂದ ಸಾಸಿ. ಅವನು ಅಂದು ನಗಲಿಲ್ಲ. "ದಿನಕ್ಕೆ ಮೂರು. ನಿನ್ನ ಹಾಲು ಕುಡಿದ ಆ ರಾಜಕುಮಾರ ಸಿಗೋತನಕ ಹಿಂಗೇ. ನಿನ್ನೆ ಮೂರು, ಮೊನ್ನೆ ಮೂರು. ಅವ್ರನ್ನ ನಿನಗೆ ತೋರಿಸ್ದೇನೆ ಗುಂಡಿಗೆ ಹಾಕಿದ್ವಿ. ನಂಗೂ ಸಾಕಾಗದೆ ಅಜ್ಜಿ. ನಮ್ಮೂರಲ್ಲಿ ಕುಯ್ಲು ಕಾಯ್ತಾ ಕೂತದೆ."

ಒಂಬತ್ತು ಜನ. ಅವಳು ಅಲ್ಲ ಎಂದ ದಿನದಿಂದ ಲೆಕ್ಕ ಸರಿಯಾಗಿ ಕೂತಿತು.

ಸಂಜೆ ಹಗ್ಗದ ಆಚೆ ಹಂಬೂಸು ನಿಂತಿದ್ದಳು. ಅವಳು ಬನೀತುವಿನ ಮುಖವನ್ನಷ್ಟೇ ನೋಡಿದಳು.

"ಇದ್ದ," ಎಂದಳು ಬನೀತು.

"ಅವ್ನು ಅಂಗಳದಲ್ಲಿದ್ದನಲ್ಲೇ! ನಿನ್ನೆ ರೊಟ್ಟಿ ಕೊಟ್ಟು ಬಂದೆನಲ್ಲೇ!"

"ಇದ್ದ ಕಣೇ."

ಹಂಬೂಸು ಅವಳ ಕೆನ್ನೆಗೆ ಹೊಡೆದಳು. ಮತ್ತೊಮ್ಮೆ ಹೊಡೆದಳು. ಬನೀತು ಮುಖ ತಿರುಗಿಸಲಿಲ್ಲ. ಕೆನ್ನೆ ಬಿಸಿಯಾದದ್ದು ತಿಳಿಯಿತು. ಎಷ್ಟೋ ದಿನದ ಮೇಲೆ ಮೈಗೆ ತಿಳಿದದ್ದು ಅದೊಂದೇ.

ಒಂಬತ್ತನೆಯ ದಿನ ಅವಳು ಎಂದಿಗಿಂತ ನಿಧಾನವಾಗಿ ನೋಡಿದಳು. ಅವಳು ಒಮ್ಮೆ ನೋಡಿದ್ದರೂ ಇನ್ನೂ ಗುಂಡಿಗೆ ಹೋಗದೆ ಉಳಿದಿದ್ದವು ಇಪ್ಪತ್ತಮೂರು ಹೆಣ. ಎತ್ತರ ಹೊಂದಬೇಕು, ವಯಸ್ಸು ಹೊಂದಬೇಕು, ಮುಖ ಇರಬಾರದು. ಹಗ್ಗದ ಆಚೆಯ ಯಾವ ಹೆಂಗಸೂ ಕೇಳದವನಾಗಿರಬೇಕು. ಎರಡನೆಯ ಸಾಲಿನಲ್ಲಿ ಒಬ್ಬ ಇದ್ದ. ಹೊಳೆಯಿಂದ ಎತ್ತಿದವನು. ಬಲಗಾಲಿನ ಹರಡಿನ ಮೇಲೆ ನೇಗಿಲ ಗುಳ ತಗುಲಿದ ಹಳೆಯ ಗಾಯ, ಅರ್ಧಚಂದ್ರದ ಹಾಗೆ. ಅಂಥ ಗಾಯವನ್ನು ಯಾರೂ ಕೇಳಿರಲಿಲ್ಲ. ಅವಳು ಅವನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇವ್ನೇ," ಎಂದಳು.

ಸಾಸಿ ಕೈ ಎತ್ತಿ ಕೂಗಿದ. ದನ್ನಾಯ ಮೂಗಿಗೆ ಬಟ್ಟೆ ಹಿಡಿದುಕೊಂಡು ಬಂದ. ಹೆಣವನ್ನು ನೋಡಿದ. ನೇಗಿಲ ಗಾಯ ನೋಡಿದ. ಅಂಗೈಗಳ ದಪ್ಪ ಚರ್ಮವನ್ನೂ ನೋಡಿದ. ಆಮೇಲೆ ಬನೀತುವನ್ನು ನೋಡಿದ.

"ಇವನೇನಾ?"

"ಹೂಂ ಸ್ವಾಮಿ."

"ನಾಲ್ಕು ದಿನದಿಂದ ಇಲ್ಲೇ ಬಿದ್ದಿದ್ದ ಇವನು. ಆಗ ಅಲ್ಲ ಅಂದೆ."

"ಆಗ ಹೇಳೋಕೆ ಬಾಯಿ ಬರ್ಲಿಲ್ಲ."

"ಈಗ?"

"ಈಗ ಬಂತು."

ದನ್ನಾಯ ಮೂಗಿನ ಬಟ್ಟೆ ಸರಿಪಡಿಸಿಕೊಂಡ. ಅವನಿಗೂ ಊರು ಬಿಟ್ಟು ಹೋಗಬೇಕಿತ್ತೋ, ರಾಜನಿಗೆ ಕಳಿಸಲು ಒಂದು ಮಾತು ಬೇಕಿತ್ತೋ, ನಂಬಿಯೇಬಿಟ್ಟನೋ, ಅವನ ಮುಖದಿಂದ ಏನೂ ತಿಳಿಯಲಿಲ್ಲ. ಲಿಪಿಕಾರನನ್ನು ಕರೆದು, "ಬರಿ. ಹಾಲು ಕೊಟ್ಟ ಹೆಂಗಸು ಗುರುತು ಹಿಡಿದಳು," ಎಂದ.

ಆ ಹೆಣಕ್ಕೆ ಏನೇನು ಮಾಡಬೇಕೋ ಅಷ್ಟನ್ನೂ ಮಾಡಿ ಹೊಳೆಬಾಗಿಲ ಮೇಲೆ ಕಂಬಕ್ಕೆ ಏರಿಸಿದರು. ಊರೆಲ್ಲ ಬಂದು ನೋಡಬೇಕೆಂದು ಸಾರಿದರು, ಊರೆಲ್ಲ ಬಂದು ನೋಡಿತು. ಕೆಲವರು ಉಗಿದರು. ಆರು ವರ್ಷ ಅವನಿಗಾಗಿ ಪ್ರಾಣ ಕೊಡುತ್ತೇವೆಂದವರೂ ಉಗಿದರು. ಮರುದಿನ ಇಟ್ಟಿಗೆ ಅಂಗಳದ ಬಾಗಿಲು ತೆಗೆದು ಉಳಿದ ಗಂಡಸರನ್ನು ಬಿಟ್ಟರು. ದೇವಾಲಯದ ಮುಂದೆ ಎಲ್ಲರನ್ನೂ ನಿಲ್ಲಿಸಿ, ಹೊಸ ರಾಜನಿಗೆ ಕೈ ಎತ್ತಿ ಆಣೆ ಮಾಡಿಸಿದರು. ನಿಮ್ಮ ಅಣ್ಣ, ನಿಮ್ಮ ಮಗ ಯಾರೇ ಕೆಟ್ಟ ಮಾತಾಡಿದರೂ ಬಂದು ಹೇಳುತ್ತೀರಿ ಎಂದು ಪುರೋಹಿತ ಓದಿದ. ಹೇಳುತ್ತೇವೆ ಎಂದರು ಜನ. ಆರು ವರ್ಷದ ಹಿಂದೆ ಅದೇ ಜಾಗದಲ್ಲಿ ಅದೇ ಪುರೋಹಿತ ಅದೇ ಮಾತುಗಳನ್ನು ಬೇರೆ ಹೆಸರು ಹಾಕಿ ಓದಿದ್ದ. ಬನೀತು ಆಗಲೂ ಕೈ ಎತ್ತಿದ್ದಳು, ಈಗಲೂ ಎತ್ತಿದಳು.

ಅವಳಿಗೆ ಒಂದು ಬಿಳಿ ಉಣ್ಣೆಯ ಹೊದಿಕೆ, ಎರಡು ಮೂಟೆ ಜವೆ ಕೊಟ್ಟರು. ಒಂದು ಮೂಟೆಯನ್ನು ಹಂಬೂಸುವಿನ ಹೊಸ್ತಿಲ ಮೇಲೆ ಇಟ್ಟುಬಂದಳು. ಅದು ಎರಡು ದಿನ ಅಲ್ಲೇ ಇತ್ತು, ಮೂರನೆಯ ದಿನ ಇರಲಿಲ್ಲ. ಹಂಬೂಸು ಅವಳ ಜೊತೆ ಮಾತಾಡಲಿಲ್ಲ.

ಅಬು ತಿಂಗಳು ಬಂತು. ಸತ್ತವರಿಗೆ ನೀರು ಹಾಕುವ ತಿಂಗಳು. ಒಂದು ಬೆಳಿಗ್ಗೆ ಹೊಳೆಯ ಮೇಲ್ದಂಡೆಯ ಹಳ್ಳಿಯಿಂದ ಒಬ್ಬ ಹೆಂಗಸು ಬಂದಳು. ಕಾಲು ಧೂಳಾಗಿತ್ತು, ಬೆನ್ನಿಗೆ ಒಂದು ಗಂಟು ಕಟ್ಟಿಕೊಂಡಿದ್ದಳು.

"ಹೆಣ ನೋಡಿದ ಅಕ್ಕ ನೀನೇನಾ? ಪ್ಯಾಟೇಲಿ ಹೇಳಿದ್ರು. ನಾನು ಮರ್ತಿ ಅಂತ. ನನ್ ಮಗನ್ನ ಈಟಿ ಹಿಡಿಯೋಕೆ ಅಂತ ಎಳ್ಕೊಂಡ್ ಬಂದಿದ್ರು. ರೆಮೂತ ಅಂತ. ಬಲಗಾಲಲ್ಲಿ ಗುಳದ ಗಾಯ..."

"ಕೂತ್ಕೋ," ಎಂದಳು ಬನೀತು.

ಕಾಣಲಿಲ್ಲ ಎನ್ನಬಹುದಿತ್ತು. ಗುಂಡಿಗೆ ಹಾಕಿದರು ಎನ್ನಬಹುದಿತ್ತು. ಮರ್ತಿ ಹೋಗಿ ಯಾರಿಗಾದರೂ ಹೇಳಿದರೆ ತನ್ನ ತಲೆಯೂ ಕಂಬಕ್ಕೇ ಎಂಬುದು ಬನೀತುವಿಗೆ ತಿಳಿದಿತ್ತು. ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಬೆರಳಿನ ವಿಷಯ ಹೇಳಿದಳು, ಇಟ್ಟಿಗೆ ಅಂಗಳದ ವಿಷಯ ಹೇಳಿದಳು, ಬಾಗಿಲ ಮೇಲಿನ ಕಂಬದ ವಿಷಯ ಹೇಳಿದಳು. ಸಂತೆಯಿಂದ ತಂದ ಸಾಮಾನು ಒಪ್ಪಿಸುವವಳ ಹಾಗೆ ಹೇಳಿದಳು.

ಮರ್ತಿ ಅಳಲಿಲ್ಲ, ಬೈಯಲೂ ಇಲ್ಲ. ಎದ್ದು ಹೊರಗೆ ಹೋದಳು. ಅವಳು ಅಧಿಕಾರಿಯ ಮನೆಗೇ ಹೋದಳೆಂದುಕೊಂಡು ಬನೀತು ಒಲೆ ಹೊತ್ತಿಸಿ, ಹಿಟ್ಟು ಕಲಸಿ, ರೊಟ್ಟಿ ಸುಟ್ಟಳು. ಮಧ್ಯಾಹ್ನದ ಹೊತ್ತಿಗೆ ಮರ್ತಿ ಒಬ್ಬಳೇ ತಿರುಗಿ ಬಂದಳು.

"ನೋಡಿ ಬಂದೆ," ಎಂದಳು. "ಮೂಳೆ ಅಷ್ಟೇ ಐತೆ. ನನ್ ಮಗಂದೋ ಇನ್ನೊಬ್ರದೋ ಹೇಳಕ್ಕಾಗಲ್ಲ."

"ಹೂಂ."

"ಇಳಿಸಿ ಕೊಡ್ತಾರಾ?"

"ಇಲ್ಲ. ಕೇಳಿದ್ರೆ ನಿನ್ನನ್ನೂ ಬಿಡಲ್ಲ."

ಮರ್ತಿ ನೆಲ ನೋಡುತ್ತ ಕೂತಳು. "ಯಾರೂ ಕೇಳ್ಲಿಲ್ಲ ಅಂತ ಅವ್ನನ್ನ ಆರಿಸ್ಕೊಂಡೆ, ಅಲ್ವಾ? ಕೇಳೋಕೆ ನಾನು ಎರಡು ದಿನದ ದಾರಿ ನಡೀಬೇಕಿತ್ತು. ದಾರೀಲಿ ಸೈನಿಕರು ಬಿಡ್ಲಿಲ್ಲ."

"ಹೂಂ."

"ಹೂಂ ಹೂಂ ಅಂತ ಕೂರಬ್ಯಾಡ! ಏನಾರ ಅನ್ನು!"

ಬನೀತು ರೊಟ್ಟಿ ಮುರಿದು ಅವಳ ಮುಂದೆ ಇಟ್ಟಳು. ಮರ್ತಿ ಅದನ್ನು ಮುಟ್ಟಲಿಲ್ಲ. ಆಮೇಲೆ, ಎರಡು ದಿನ ನಡೆದ ಹಸಿವು, ತೆಗೆದುಕೊಂಡು ತಿಂದಳು. ತಿಂದು ಮುಗಿಸಿ ಕೇಳಿದಳು:

"ನಿನ್ನೋನು ಎಲ್ಲಿ?"

"ಗುಂಡೀಲಿ."

"ತೋರ್ಸು."

ಇಬ್ಬರೂ ಹೊಳೆಬಾಗಿಲ ಕೆಳಗೆ ಹಾದು ಹೋದರು. ಮೇಲೆ ನೋಡಲಿಲ್ಲ. ಗುಂಡಿಯ ಜಾಗ ಆಗಲೇ ಸಮನಾಗಿತ್ತು. ಯಾರೋ ಅಲ್ಲಿ ಎರಡು ಮೇಕೆ ಕಟ್ಟಿದ್ದರು. ಕಣದಲ್ಲಿ ಜವೆ ತುಳಿಸುವ ಕೆಲಸ ನಡೆದಿತ್ತು, ಎತ್ತುಗಳು ಸುತ್ತುತ್ತಿದ್ದವು. ಬನೀತು ಕೈ ತೋರಿಸಿದಳು. "ಇಲ್ಲೆಲ್ಲೋ. ಸರಿಯಾಗಿ ಗೊತ್ತಿಲ್ಲ."

ಮರ್ತಿ ಗಂಟು ಬಿಚ್ಚಿ ಸಣ್ಣ ಮಣ್ಣಿನ ಹೂಜಿ ತೆಗೆದಳು. ಊರಿಂದಲೇ ನೀರು ತಂದಿದ್ದಳು, ತಮ್ಮ ಬಾವಿಯದು. "ಇದು ನನ್ ಮಗನ ಜಾಗ," ಎಂದಳು. "ನಿನ್ನೋನು ಇಲ್ಲಿ ಬಂದು ಮಲಗವ್ನೆ. ಮಲಗ್ಲಿ. ನಾನು ನನ್ನೋನಿಗೆ ಇಲ್ಲೇ ನೀರು ಹಾಕ್ತೀನಿ. ಯಾರೂ ಬ್ಯಾಡ ಅನ್ನಂಗಿಲ್ಲ."

"ಹಾಕು."

ಮರ್ತಿ ಮೊಣಕಾಲೂರಿ, ನೀರು ಬಗ್ಗಿಸಿ, ರೆಮೂತಾ ಎಂದು ಮೂರು ಸಲ ಕರೆದಳು. ಆಮೇಲೆ ಹೂಜಿಯನ್ನು ಬನೀತುವಿನತ್ತ ಚಾಚಿದಳು. ತಳದಲ್ಲಿ ಸ್ವಲ್ಪ ನೀರು ಉಳಿದಿತ್ತು.

ಬನೀತು ಹೂಜಿ ತೆಗೆದುಕೊಂಡಳು. ಹಿರಿಯ ರಾಜಕುಮಾರನ ಹೆಸರನ್ನು ಯಾರೂ ಬಾಯಲ್ಲಿ ಆಡಕೂಡದೆಂದು ಆಜ್ಞೆಯಾಗಿತ್ತು. ಲಕೂ ಎಂದಾದರೂ ಕರೆಯಬಹುದಿತ್ತು. ಮೇಕೆ ಅವಳ ಹೊದಿಕೆಯ ಅಂಚನ್ನು ಎಳೆಯುತ್ತಿತ್ತು. ಅವಳು ಏನೂ ಅನ್ನದೆ ನೀರು ಸುರಿದಳು. ಮಣ್ಣು ತಕ್ಷಣ ಕುಡಿದುಬಿಟ್ಟಿತು. ಅಳು ಬರುತ್ತದೋ ಎಂದು ಸ್ವಲ್ಪ ಕಾದಳು, ಬರಲಿಲ್ಲ.

"ಮುಂದಿನ ವರ್ಷ ಬರೋಕೆ ಆಗುತ್ತೋ ಇಲ್ವೋ," ಎಂದಳು ಮರ್ತಿ, ಗಂಟು ಕಟ್ಟಿಕೊಳ್ಳುತ್ತ. "ಮಂಡಿ ನೋವು."

"ನಾನು ಹಾಕ್ತೀನಿ. ಇಬ್ರಿಗೂ."

"ಹೆಸರು ಹೇಳಿ ಹಾಕು. ಸುಮ್ನೆ ಸುರೀಬ್ಯಾಡ."

"ಹೇಳ್ತೀನಿ."

ಮರ್ತಿ ಹೊಳೆಯ ದಂಡೆ ಹಿಡಿದು ಮೇಲಕ್ಕೆ ನಡೆದಳು. ಬಿಸಿಲಲ್ಲಿ ಅವಳು ಹೋಗುವುದನ್ನು ಬನೀತು ನೋಡಿದಳು. ಆಮೇಲೆ, ಮೇಕೆಯ ಬಾಯಿಂದ ಹೊದಿಕೆ ಬಿಡಿಸಿಕೊಂಡು ಊರೊಳಗೆ ನಡೆದಳು.